ಸವೆದ ಶಿವದಾರ

ಕೊತ್ತಗೆರೆ
18-8-2024, ಭಾನುವಾರ

ಮಧುಶ್ರೀ ಅಪ್ಪಾಜಿಯವರಿಗೆ ಶರಣು.

ಈಗ ಮಧ್ಯಾಹ್ನ ಮೂರೂ ಮುಕ್ಕಾಲು. ಬೆಳಿಗ್ಗೆ ತವರಿನ ಪಡಸಾಲೆಯಲ್ಲಿ ನಾದಿನಿಯ ಜೊತೆ ಕೂತು ಹುರುಳಿಕಾಯಿ ಬಿಡಿಸಿದೆ. ಮಧು ಹನ್ನೊಂದಕ್ಕೆ ಎದ್ದಳು. ತಲೆಗೆ ನೀರು ಹಾಕಿದೆ. ಅರ್ಧ ಮುದ್ದೆ ತಿಂದು, ಉಳಿದರ್ಧವನ್ನು ಸಾರು ಆರುವವರೆಗೂ ಬೆರಳಲ್ಲಿ ಒತ್ತುತ್ತಾ ಕೂತಿದ್ದಳು. ಒಂದು ಗಂಟೆಗೆ ನೀವು ನನ್ನ ತಮ್ಮ ಗುರುಪ್ರಕಾಶನ ಫೋನಿಗೆ ಮಾಡಿದಿರಿ. ಅವನು ಸ್ಪೀಕರ್ ಹಾಕಿದ.

"ನಿಮ್ಮಕ್ಕಂಗೆ ಹೇಳು, ನಾಳೆ ಬೆಳಿಗ್ಗೆ ಎಂಟಕ್ಕೆಲ್ಲ ಗುಬ್ಬೀಲಿರ್ಬೇಕು. ಮಠದಿಂದ ಬುದ್ಧಿಯವ್ರು ಬರ್ತಾವ್ರೆ. ಮನೆ ಹೆಂಗಸೇ ಇಲ್ಲ ಅಂದ್ರೆ ನಾನು ಯಾವ ಮುಖ ಇಟ್ಕೊಂಡು ನಿಂತ್ಕಳ್ಳಿ?" ಅಂದಿರಿ. ಆಮೇಲೆ "ಅವ್ಳು ಅಲ್ಲೇ ಅವ್ಳಾ?" ಎಂದು ಕೇಳಿದಿರಿ. ಗುರುಪ್ರಕಾಶ ನನ್ನ ಮುಖ ನೋಡಿ "ಇಲ್ಲ ಭಾವ, ಹಿತ್ಲಲ್ಲವ್ಳೆ" ಎಂದ. ನಾನು ಅಲ್ಲೇ ಇದ್ದೆ. ಹುರುಳಿಕಾಯಿಯ ಮೊರ ತೊಡೆಯ ಮೇಲಿತ್ತು.

ನೀವು ಮಾತಾಡಿದರೆ ನನಗೆ ಬಾಯಿ ಕಟ್ಟುತ್ತದೆ. ಮದುವೆಯಾಗಿ ಇಪ್ಪತ್ತೇಳು ವರ್ಷದಿಂದಲೂ ಹಾಗೆಯೇ. ಅದಕ್ಕೇ ಬರೆಯುತ್ತಿದ್ದೇನೆ. ಐದು ಗಂಟೆಗೆ ಗುರುಪ್ರಕಾಶ ಬೈಕಿನಲ್ಲಿ ಹೊರಡುತ್ತಾನೆ. ದೀಪ ಹಚ್ಚುವ ಹೊತ್ತಿಗೆ ಕಾಗದ ನಿಮ್ಮ ಕೈಯಲ್ಲಿರುತ್ತದೆ. ನಾವಿಲ್ಲಿ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು. ಕೈ ಏಳಲಿಲ್ಲ.

ಬ್ಯಾನರಿನ ಫೋಟೋ ಕಳಿಸಿದ್ದಿರಿ, ನೋಡಿದೆ. "ಹೃದಯಾಘಾತದಿಂದ ಲಿಂಗೈಕ್ಯರಾದ ಮಲ್ಲಿಕಾರ್ಜುನ್ ಅವರ ಪ್ರಥಮ ವರ್ಷದ ಪುಣ್ಯಸ್ಮರಣೆ" ಎಂದು ಹಾಕಿಸಿದ್ದೀರಿ. ಅದರ ಕೆಳಗೆ ದುಃಖತಪ್ತರು: ಅಣ್ಣ ಏಕಾಂತಯ್ಯ, ಅತ್ತಿಗೆ ಗಂಗಾಂಬಿಕೆ. ಆ ಸುಳ್ಳಿನ ಕೆಳಗೆ ನನ್ನ ಹೆಸರು ಹಾಕಿಸುವ ಮೊದಲು ಒಂದು ಮಾತು ಕೇಳಿದ್ದಿರಾ?

ಅವನ ಹೃದಯಕ್ಕೆ ಏನೂ ಆಗಿರಲಿಲ್ಲ. ನಿಮ್ಮ ತಮ್ಮ, ನಾನು ಸೊಸೆಯಾಗಿ ಬಂದಾಗ ಏಳನೇ ಕ್ಲಾಸಿನಲ್ಲಿದ್ದವನು, ನಾನು ತಲೆ ಬಾಚಿ ಬುತ್ತಿ ಕಟ್ಟಿ ಸ್ಕೂಲಿಗೆ ಕಳಿಸಿದವನು, ಮೂವತ್ತೆಂಟನೇ ವಯಸ್ಸಿಗೆ ತನ್ನ ಜೀವವನ್ನು ತಾನೇ ಕಳೆದುಕೊಂಡ. ಈ ಒಂದು ವಾಕ್ಯ ಬರೆಯಲು ನನಗೆ ಒಂದು ವರ್ಷ ಹಿಡಿಯಿತು. ದಿನಾ ಡೈರಿ ಬರೆಯುವವಳು ನಾನು, ಹಾಲು ಒಡೆದದ್ದನ್ನೂ ಬರೆಯುತ್ತೇನೆ. ಅವನು ಹೋದ ನೂಲಹುಣ್ಣಿಮೆಯ ದಿನದ ಪುಟದಲ್ಲಿ "ಮಲ್ಲಿ ಇಲ್ಲ" ಎಂದಷ್ಟೇ ಇದೆ.

ಆವತ್ತು ಪರಿಚಯದ ಡಾಕ್ಟರನ್ನು ಕರೆಸಿ ಹಾರ್ಟು ಎಂದು ಬರೆಸಿದಿರಿ. ನಾನೂ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಎರಡು ದಿನದಿಂದ ಎದೆನೋವು ಅಂತಿದ್ದ ಎಂದು ಹೇಳಿದೆ. ನನ್ನ ಸುಳ್ಳು ನಿಮ್ಮ ಸುಳ್ಳಿಗಿಂತ ಚೆನ್ನಾಗಿತ್ತು. ಎಡಗೈ ಕೂಡ ಜೋಮು ಹಿಡಿದಿತ್ತಂತೆ ಎಂದು ಸೇರಿಸಿದ್ದೆ.

ನೀವು ಮನೆಯಲ್ಲಿ ಆ ಪುಸ್ತಕಗಳೇ ಅವನನ್ನು ತಿಂದವು ಎಂದಿರಿ. ಆ ಮಾತಿಗೆ ಇವತ್ತು ಉತ್ತರ ಕೊಡುತ್ತೇನೆ. ಏಕೆಂದರೆ ಆ ಪುಸ್ತಕಗಳಲ್ಲಿ ಏನಿತ್ತು ಎಂದು ನಮ್ಮ ಮನೆಯಲ್ಲಿ ಅವನನ್ನು ಬಿಟ್ಟರೆ ಗೊತ್ತಿದ್ದವಳು ನಾನೊಬ್ಬಳೇ.

ಅವನ ಅಕ್ಷರ ಕೋಳಿ ಕೆದರಿದ ಹಾಗಿತ್ತು. ತುಮಕೂರಿನ ಬಸ್ ಸ್ಟ್ಯಾಂಡ್ ಹಿಂದೆ ಡಿಟಿಪಿ ಮಾಡುವ ಚಂದ್ರು "ಸಾರ್, ಇದ್ನ ಟೈಪ್ ಮಾಡಕ್ಕೆ ರಷ್ಯಾದಿಂದ್ಲೇ ಯಾರ್ನಾರ ಕರ್ಸಿ" ಎಂದು ವಾಪಸ್ ಕೊಟ್ಟಿದ್ದನಂತೆ. ಆಗ ಮಲ್ಲಿ ನನ್ನ ಮುಂದೆ ಕಾಗದದ ಕಟ್ಟು ಇಟ್ಟು, "ಅತ್ತಿಗೆ, ನಿಮ್ಮಕ್ಷರ ಗುಂಡಗೈತೆ, ಒಂದ್ಕಾಪಿ ಬರ್ಕೊಡಿ" ಎಂದ. ಎಸ್ಸೆಸ್ಸೆಲ್ಸಿ ಓದಿದವಳು ನಾನು. ಎರಡು ವರ್ಷ, ಊಟದ ಪಾತ್ರೆ ತೊಳೆದಿಟ್ಟು ಮೂರರಿಂದ ಐದರವರೆಗೆ, ಅವನ ಪಿಎಚ್‌ಡಿ ಪ್ರಬಂಧದ ಮುನ್ನೂರು ಪುಟವನ್ನು ನಾನು ನಕಲು ಮಾಡಿದೆ. ರಷ್ಯಾದ ಸಮಾಜದಲ್ಲಿ, ಅಲ್ಲಿನ ಚಿಂತಕರ ಬರಹದಲ್ಲಿ ಆತ್ಮಹತ್ಯೆ, ಆಧ್ಯಾತ್ಮಿಕ ಬಿಕ್ಕಟ್ಟು ಎಂದು ಅದರ ಹೆಸರು. ಮೊದಲ ದಿನ ಆ ಹೆಸರು ಬರೆಯುವಾಗ ನೀವು ಹಿಂದೆ ಬಂದು ನಿಂತು "ಏನೇ ಇದು, ಮನೇಲಿ ಕೂತ್ಕಂಡು ಹೆಣದ್ ಮಾತು ಬರೀತಿದೀಯ?" ಎಂದಿರಿ. ಅವನು ನಗುತ್ತಾ "ಅಣ್ಣ, ನೀನು ಹೆಣ ಕೂರ್ಸಿ ಮಂತ್ರ ಹೇಳ್ತೀಯ, ನಾನು ಯಾಕ್ ಸತ್ರು ಅಂತ ಕೇಳ್ತೀನಿ. ಇಬ್ರದೂ ಒಂದೇ ಕಸುಬು ಬುಡು" ಎಂದ. ಆವತ್ತು ನೀವೂ ನಕ್ಕಿರಿ.

ಆ ರಷ್ಯಾದವರ ಹೆಸರುಗಳು ಒಂದೊಂದು ಗೇಣುದ್ದ. "ಇವ್ರ್ನ ಊಟಕ್ಕೆ ಕರೆಯೋಷ್ಟ್ರಲ್ಲಿ ಮುದ್ದೆ ಆರೋಗ್ತದಲ್ಲೋ" ಎಂದರೆ ಅವನು ಹೊಟ್ಟೆ ಹಿಡಿದು ನಗುತ್ತಿದ್ದ. ನನ್ನನ್ನು ಪ್ರೊಫೆಸರ್ ಅತ್ತಿಗೆ ಎಂದು ಕರೆಯುತ್ತಿದ್ದ.

ನಕಲು ಮಾಡುತ್ತಾ ನನಗೂ ತಿಳಿಯಿತು. ನೂರು, ನೂರೈವತ್ತು ವರ್ಷದ ಹಿಂದೆ ಆ ದೇಶದ ಪಟ್ಟಣಗಳಲ್ಲಿ ಇಂಥ ಸಾವು ಎಷ್ಟು ಹೆಚ್ಚಿತೆಂದರೆ ಜನ ಅದನ್ನು ಪಿಡುಗು ಎಂದೇ ಕರೆದರಂತೆ. ಓದುವ ಹುಡುಗರು, ಹುಡುಗಿಯರು, ಕೂಲಿಯವರು. ಡಾಕ್ಟರುಗಳು ಬಡತನ, ಕುಡಿತ, ಒಂಟಿತನ ಎಂದರು. ಚಿಂತಕರಲ್ಲಿ ಕೆಲವರು, ಮನುಷ್ಯ ದೇವರನ್ನು ಕಳೆದುಕೊಂಡ, ಇನ್ನು ಅವನಿಗೆ ಬದುಕಿರಲು ಕಾರಣವೇ ಉಳಿಯಲಿಲ್ಲ ಎಂದರು. ಹಾಗೆ ಬರೆದವರೂ ಸುಮ್ಮನೆ ಬರೆದವರಲ್ಲ, ಅವರಿಗೂ ಅದೇ ನೋವಿತ್ತು ಎಂದು ಮಲ್ಲಿ ಹೇಳುತ್ತಿದ್ದ. ಅವನು ಆ ಸಾವುಗಳನ್ನು ಹೊಗಳಿ ಒಂದು ಸಾಲೂ ಬರೆದಿಲ್ಲ. ಇವರನ್ನೆಲ್ಲ ಹೇಗೆ ಉಳಿಸಿಕೊಳ್ಳಬಹುದಿತ್ತು ಎಂದು ಕೇಳಲು ಮುನ್ನೂರು ಪುಟ ಬರೆದ. ಅಂಥವನನ್ನು ಪುಸ್ತಕ ತಿಂದಿತು ಎನ್ನುತ್ತೀರಿ.

ಅದರಲ್ಲಿ ಒಂದು ಅಧ್ಯಾಯ ನನಗೆ ಬಾಯಿಪಾಠವಾಗಿದೆ. ತಾನೇ ಸತ್ತವನಿಗೆ ಅಲ್ಲಿನ ಚರ್ಚು ಪ್ರಾರ್ಥನೆ ಮಾಡುತ್ತಿರಲಿಲ್ಲ, ಎಲ್ಲರ ಜೊತೆ ಮಣ್ಣೂ ಮಾಡುತ್ತಿರಲಿಲ್ಲ. ಆದರೆ ಅವನ ಮನಸ್ಸು ಸ್ವಾಧೀನದಲ್ಲಿರಲಿಲ್ಲ ಎಂದು ಡಾಕ್ಟರು ಬರೆದುಕೊಟ್ಟರೆ ಬಾಗಿಲು ತೆರೆಯುತ್ತಿತ್ತು. ಅದನ್ನು ನಕಲು ಮಾಡಿದ ದಿನ ನಾನು "ಎಂಥ ಕಟುಕರೋ ಮಲ್ಲಿ ಇವ್ರು" ಎಂದಿದ್ದೆ. ಈಗ ಅನ್ನಿಸುತ್ತದೆ, ಅವರು ನಮಗಿಂತ ವಾಸಿ. ಅಲ್ಲಿ ಮನಸ್ಸಿಗೆ ಕಾಯಿಲೆ ಎಂದು ಬರೆದರೆ ಬಾಗಿಲು ತೆರೆಯುತ್ತಿತ್ತು. ನಮ್ಮಲ್ಲಿ ಅದೊಂದನ್ನು ಬರೆಯಬಾರದು. ಹೃದಯ ಎಂದು ಬರೆಯಬಹುದು, ಕಿಡ್ನಿ ಎಂದು ಬರೆಯಬಹುದು, ಹಾವು ಕಚ್ಚಿತು ಎಂದೂ ಬರೆಯಬಹುದು.

ಸುಳ್ಳಿನ ಬಲದಿಂದ ಅವನಿಗೆ ಎಲ್ಲ ಸಂಸ್ಕಾರವೂ ಆಯಿತು. ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಕೂರಿಸಿ ಕರೆದುಕೊಂಡು ಹೋದಿರಿ. ಕ್ರಿಯಾ ಸಮಾಧಿಯ ಗುಂಡಿಗೆ ಬೇರೆಯವರನ್ನು ಇಳಿಸದೆ ನೀವೇ ಇಳಿದಿರಿ. ಊರಿನ ನೂರಾರು ಜನರಿಗೆ ಆ ಕೆಲಸ ಮಾಡಿದ ಅಯ್ಯನವರು ನೀವು, ನಿಮ್ಮ ಭುಜ ಅಲುಗಿದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ಅದನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಆದರೆ ಅವನ ಅಂಗೈಯಲ್ಲಿ ಲಿಂಗ ಇಡಬೇಕಾದಾಗ ಕೊರಳಲ್ಲಿ ಲಿಂಗವಿರಲಿಲ್ಲ. ಲಿಂಗವಿಡುವ ಕರಡಿಗೆ ಇಲ್ಲ, ಅದನ್ನು ಕೊರಳಿಗೆ ಕಟ್ಟುವ ಶಿವದಾರ ಇಲ್ಲ. ವೀರಭದ್ರಯ್ಯನವರ ಮೊಮ್ಮಗುವಿಗೆ ಕಟ್ಟಬೇಕೆಂದು ತಂದಿಟ್ಟಿದ್ದ ಹೊಸ ಲಿಂಗವನ್ನು ತರಿಸಿ ಅವನ ಕೈಗೆ ಇಟ್ಟಿರಿ. ಹುಟ್ಟಿದ ಮಗುವಿನದನ್ನು.

ಮಾರನೇ ದಿನ ನೀವು ತೀರ್ಪು ಕೊಟ್ಟಿರಿ. "ಕೆರೆಗೆಸ್ದವ್ನೆ. ಆ ರಷ್ಯಾದವ್ರ ಮಾತು ಕೇಳಿ ಲಿಂಗಾನೇ ಕಿತ್ತೆಸ್ದ. ಲಿಂಗ ಬುಟ್ಟವ್ನಿಗೆ ಪ್ರಾಣ ಎಲ್ಲಿ ನಿಲ್ತದೆ?" ಎಂದಿರಿ. ಅವನ ಪುಸ್ತಕಗಳನ್ನೂ, ನಾನು ಗುಂಡಗೆ ಬರೆದ ಮುನ್ನೂರು ಪುಟವನ್ನೂ ನೀರೊಲೆಗೆ ಹಾಕಿದಿರಿ. ಎರಡು ವರ್ಷದ ಮಧ್ಯಾಹ್ನಗಳು ಒಂದು ಹಂಡೆ ನೀರು ಕಾಯುವಷ್ಟು ಹೊತ್ತು ಉರಿದವು.

ಅವನಿಗೆ ಏನಾಗಿತ್ತು ಎಂದು ನಿಮಗೆ ಗೊತ್ತಿತ್ತು. ಅದನ್ನೇ ನಾನು ಕ್ಷಮಿಸಲಾರೆ. ಮೂರು ತಿಂಗಳು ನಿದ್ದೆ ಇರಲಿಲ್ಲ. ಕಾಲೇಜಿನಲ್ಲಿ ಪಾಠದ ನಡುವೆ ನಿಲ್ಲಿಸಿ ಹೊರಗೆ ಬಂದು, ಸ್ಟಾಫ್ ರೂಮಿಗೂ ಹೋಗದೆ ಬಸ್ಸು ಹತ್ತಿ ಮನೆಗೆ ಬಂದಿದ್ದ. ಪೂಜೆಗೆ ಕೂತವನು ಎದ್ದು ಬಂದು ನಿಮ್ಮ ಮುಂದೆ, ನನ್ನ ಮುಂದೆ ಹೇಳಿದ: "ಅಣ್ಣ, ಅಂಗೈ ಮ್ಯಾಲೆ ಬರೀ ಕಲ್ಲಿದ್ದಂಗಿರ್ತದೆ. ಕರುದ್ರೆ ಒಳಗಿಂದ ಯಾರೂ ಓ ಅನ್ನಲ್ಲ. ಆದ್ರೂ ಕೈ ಬುಡಕಾಗ್ತಿಲ್ಲ." ಒಬ್ಬ ಮನುಷ್ಯ ತನ್ನ ನೋವನ್ನು ಇದಕ್ಕಿಂತ ಬಿಡಿಸಿ ಹೇಳಲು ಸಾಧ್ಯವೇ? ನೀವು ಹೇಳಿದ್ದು: "ಎರಡೊತ್ತು ಮಾಡೋದ್ನ ಮೂರೊತ್ತು ಮಾಡು. ಎಲ್ಲ ಸರಿಹೋಗ್ತದೆ."

ಅವನು ಮೂರು ಹೊತ್ತೂ ಮಾಡಿದ. ಅದನ್ನೂ ನೋಡಿದ್ದೇನೆ.

ಆಮೇಲೆ ತುಮಕೂರಿನ ಮಾನಸಿಕ ಡಾಕ್ಟರ ಹತ್ತಿರ ತಾನೇ ಟೋಕನ್ ತೆಗೆದುಕೊಂಡು ಬಂದ. ಶ್ರಾವಣದ ಸೋಮವಾರಕ್ಕೆ ಕೊಟ್ಟಿದ್ದರು. "ಒಬ್ನೇ ಹೋಗಕ್ಕೆ ಭಯ ಆಗ್ತದೆ, ನೀನೂ ಬಾ ಅಣ್ಣ" ಎಂದು ನಿಮ್ಮನ್ನು ಕೇಳಿದ. ಆ ಸೋಮವಾರ ನಮ್ಮ ಮನೆಯಲ್ಲಿ ಪಾದಪೂಜೆ, ನಲವತ್ತು ಜನಕ್ಕೆ ಪ್ರಸಾದ. "ನಾಕೂರಿಗೆ ಲಿಂಗ ಕಟ್ಟೋ ಮನೆಯವ್ರು ಹೋಗಿ ಹುಚ್ಚಿನ ಡಾಕ್ಟ್ರ ಮುಂದೆ ಕ್ಯೂ ನಿಂತ್ಕಂಡ್ರೆ ಜನ ಏನಂತಾರ್ಲಾ? ಶ್ರಾವಣ ಕಳೀಲಿ" ಎಂದಿರಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಾನು ಬರ್ತೀನಿ ನಡಿ ಮಲ್ಲಿ ಎಂದು ಹೇಳಬಹುದಿತ್ತು. ಬೇಳೆ ಬೇಯಿಸುವುದಿತ್ತು. ಹೇಳಲಿಲ್ಲ. ಶ್ರಾವಣ ಕಳೆಯುವವರೆಗೆ ಅವನು ಇರಲಿಲ್ಲ, ಬುಧವಾರದವರೆಗಷ್ಟೇ ಇದ್ದ.

ಹೋದ ತಿಂಗಳು ಮಧುವಿನ ಹಾಸ್ಟೆಲಿನಿಂದ ಬರುವಾಗ ಚಂದ್ರುವಿನ ಅಂಗಡಿಗೆ ಹೋಗಿದ್ದೆ. ನಿಮಗೆ ಹೇಳಿರಲಿಲ್ಲ. ಅವನು ನನ್ನನ್ನು ನೋಡಿ ಎದ್ದು ನಿಂತು, "ಅಮ್ಮಾ, ಸಾರ್ ಫೈಲು ನಾನು ಡಿಲೀಟ್ ಮಾಡಿಲ್ಲ ಕಣಮ್ಮ. ಕೊನೇ ಮೂವತ್ತು ಪೇಜು ಅವ್ರೇ ಕೂತು ಟೈಪ್ ಮಾಡವ್ರೆ, ಒಂದು ಬೆರಳಲ್ಲಿ" ಎಂದ. ಎಲ್ಲವನ್ನೂ ಪ್ರಿಂಟ್ ತೆಗೆದುಕೊಟ್ಟ. ನೀವು ಸುಟ್ಟದ್ದು ಸುಟ್ಟುಹೋಗಿಲ್ಲ. ಆ ಮೂವತ್ತು ಪುಟ ನಾನು ನಕಲು ಮಾಡದೇ ಇದ್ದದ್ದು, ಹೊಸದು. ಅದರಲ್ಲಿ ಹೀಗಿದೆ, ಅವನ ಮಾತಿನಲ್ಲೇ ಬರೆಯುತ್ತೇನೆ:

"ವೈದ್ಯರು ಸತ್ತವನ ಬಡತನವನ್ನು ಲೆಕ್ಕ ಹಾಕಿದರು. ಚಿಂತಕರು ಅವನು ದೇವರನ್ನು ಯಾವಾಗ ಕಳೆದುಕೊಂಡ ಎಂದು ಕೇಳಿದರು. ಆದರೆ ಕೊನೆಯ ವಾರ ಅವನು ಯಾರ ಹತ್ತಿರ ಏನು ಕೇಳಿದ್ದ, ಕೇಳಿದ್ದು ಸಿಕ್ಕಿತೇ ಎಂದು, ನಾನು ಓದಿದಷ್ಟರಲ್ಲಿ, ಯಾರೂ ಬರೆದಿಟ್ಟಿಲ್ಲ."

ನಿಮ್ಮ ಹತ್ತಿರ ಏನು ಕೇಳಿದ್ದ ಎಂದು ಮೇಲೆ ಬರೆದಿಟ್ಟಿದ್ದೇನೆ.

ಈಗ ಮಧುವಿನ ಮಾತು. ಅವಳು ನಿಮ್ಮ ಮಗಳು, ಇಪ್ಪತ್ಮೂರು ವರ್ಷ, ಬಿ.ಎಡ್ ಮುಗಿಯಲು ಇನ್ನು ಆರು ತಿಂಗಳಿದೆ. ಚಿಕ್ಕಪ್ಪನನ್ನು ಮೊದಲು ನೋಡಿದವಳು ಅವಳು. ಅವಳಿಗೂ ನಾವು ಹಾರ್ಟು ಎಂದೇ ಹೇಳು ಎಂದು ಹೇಳಿಕೊಟ್ಟೆವು. ಕಣ್ಣಾರೆ ನೋಡಿದ್ದನ್ನು ನೋಡಿಲ್ಲ ಎನ್ನು ಎಂದರೆ ಅದು ಎಲ್ಲಿಗೆ ಹೋಗಬೇಕು? ಮೂರು ವಾರದ ಹಿಂದೆ ಅವಳು ನನ್ನ ಸೆರಗು ಹಿಡಿದುಕೊಂಡು, "ಅಮ್ಮ, ಚಿಕ್ಕಪ್ಪಂಗೆ ಆದಂಗೇ ನಂಗೂ ಆಗ್ತೈತೆ. ಇರೋದ್ಯಾಕೆ ಅನ್ಸ್ತದೆ. ನಂಗೆ ಭಯ ಕಣಮ್ಮ" ಎಂದಳು. ಈ ಸಲ ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ನೇರವಾಗಿ ಕೇಳಿದೆ, ಸಾಯ್ಬೇಕು ಅನ್ಸುತ್ತೇನೇ ಎಂದು. ಹೂಂ ಎಂದಳು. ಕೇಳಿದ್ದಕ್ಕೆ ಅವಳಿಗೆ ಉಸಿರು ಬಂದ ಹಾಗಾಯಿತು, ಒಂದು ಗಂಟೆ ನನ್ನ ತೊಡೆಯ ಮೇಲೆ ಅತ್ತಳು.

ನಿಮಗೆ ಬಂದು ಹೇಳಿದೆ. ನೀವು ಹಣೆಗೆ ವಿಭೂತಿ ಇಡುತ್ತಾ, ತಿರುಗಿ ಕೂಡ ನೋಡದೆ, "ಪೂಜೆಗೆ ಸರಿಯಾಗಿ ಕೂರ್ಸು. ಕಾರ್ತೀಕದಲ್ಲಿ ಒಂದ್ ಗಂಡು ನೋಡಿ ಮಾಡ್ಬುಡಾಣ, ಎಲ್ಲ ಸರಿಹೋಗ್ತದೆ" ಎಂದಿರಿ.

ಸರಿಹೋಗ್ತದೆ, ಅದೇ ಮಾತು. ಒಂದಕ್ಷರವೂ ಬದಲಾಗಿರಲಿಲ್ಲ. ತಮ್ಮನ ಸಮಾಧಿಗೆ ಒಂದು ಗದ್ದುಗೆ ಕಟ್ಟಿದ ಮೇಲೂ ನಿಮಗೆ ಬೇರೆ ಮಾತು ಸಿಕ್ಕಿರಲಿಲ್ಲ. ಆವತ್ತೇ ಮಧ್ಯಾಹ್ನದ ಬಸ್ಸಿಗೆ ಅವಳನ್ನು ಕರೆದುಕೊಂಡು ಕೊತ್ತಗೆರೆಗೆ ಬಂದೆ. ನೀವು ಗುರುಪ್ರಕಾಶನ ಹತ್ತಿರ ನಾನು ಕೋಪ ಮಾಡಿಕೊಂಡು ತವರಿಗೆ ಹೋಗಿದ್ದೇನೆ ಎಂದಿರಂತೆ. ಕೋಪ ನಿಜ. ಇಷ್ಟು ವರ್ಷ ಎಲ್ಲಿತ್ತೋ ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗ ನನಗಿಂತ ಮೊದಲು ಎದ್ದು ಕೂತಿರುತ್ತದೆ. ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತರೆ ಕಣ್ಣು ಮುಚ್ಚಲು ಆಗುವುದಿಲ್ಲ. ಮಲ್ಲಿ ಹೇಳಿದ ಕಲ್ಲು ಈಗ ನನ್ನ ಕೈಯಲ್ಲೂ ಇದೆ. ನಾನೂ ಕೈ ಬಿಟ್ಟಿಲ್ಲ. ನಿಮಗೂ ಎಂದಾದರೂ ಹಾಗಾಗಿದೆಯೇ? ಗುಂಡಿಯಿಂದ ಮೇಲೆ ಬಂದ ದಿನದಿಂದ ಪೂಜೆಯಲ್ಲಿ ನಿಮ್ಮ ಕೈ ನಡುಗುವುದನ್ನು ಕಂಡಿದ್ದೇನೆ. ಕೇಳಿದರೆ ಚಳಿ ಎನ್ನುತ್ತೀರಿ.

ನಾಳೆ ನಾನು ಗುಬ್ಬಿಗೆ ಬರುವುದಿಲ್ಲ. ಮಧುವನ್ನು ತುಮಕೂರಿಗೆ ಕರೆದುಕೊಂಡು ಹೋಗುತ್ತೇನೆ, ಮಲ್ಲಿ ಟೋಕನ್ ತೆಗೆದುಕೊಂಡಿದ್ದ ಡಾಕ್ಟರ ಹತ್ತಿರಕ್ಕೇ. ಮೂರು ವಾರ ಕಾದ ಮೇಲೆ ಅವರ ಟೋಕನ್ ಸಿಕ್ಕಿದೆ. ಜನ ನೋಡಲಿ. ಕ್ಯೂನಲ್ಲಿ ಮುಂದೆಯೇ ಕೂರುತ್ತೇನೆ. ಯಾರಾದರೂ ಕೇಳಿದರೆ ಮಗಳಿಗೆ ಮನಸ್ಸಿಗೆ ಹುಷಾರಿಲ್ಲ, ತೋರಿಸಲು ಬಂದಿದ್ದೇನೆ ಎನ್ನುತ್ತೇನೆ. ಹೇಳಿ ಹೇಳಿ ಅಭ್ಯಾಸವಾಗಲಿ ಎಂದು ನಿನ್ನೆಯಿಂದ ನಾದಿನಿಗೆ, ಹಾಲಿನವಳಿಗೆ ಹೇಳುತ್ತಿದ್ದೇನೆ. ಹಾಲಿನವಳು "ನಮ್ಮಣ್ಣನ ಮಗಂಗೂ ಅಲ್ಲೇ ತೋರ್ಸಿದ್ದು ಕಣಕ್ಕ, ಈಗ ಗುಂಡ್ಕಲ್ಲಂಗವ್ನೆ" ಎಂದಳು. ಇಷ್ಟೇ ಆಗಿದ್ದು. ಆಕಾಶ ಬೀಳಲಿಲ್ಲ.

ನಿಮ್ಮಿಂದ ನನಗೆ ಬೇಕಾದದ್ದು ಎರಡು. ಬ್ಯಾನರಿನಿಂದ ನನ್ನ ಹೆಸರು ತೆಗೆಸಿ, ಇಲ್ಲವೇ ಹೃದಯಾಘಾತ ಎನ್ನುವುದನ್ನು ತೆಗೆಸಿ. ಇನ್ನೊಂದು, ಮಧು ಬೆಳಿಗ್ಗೆ ತಲೆ ಒರೆಸಿಕೊಳ್ಳುತ್ತಾ ಕೇಳಿದ್ದು: "ಅಪ್ಪಾಜಿ ಬರ್ತಾರಾ?" ನಾನು ಗೊತ್ತಿಲ್ಲ ಎಂದೆ. ಪೂಜೆ ಬಿಟ್ಟು ಬನ್ನಿ ಎಂದು ನಾನು ಬರೆಯುವುದಿಲ್ಲ. ಅವಳು ಕೇಳಿದಳು ಎಂದು ಬರೆದಿಡುತ್ತಿದ್ದೇನೆ.

ಕಾಗದದ ಕೊನೆಯಲ್ಲಿ ನಿಮ್ಮ ಪಾದಸೇವಕಿ ಎಂದು ಬರೆಯುತ್ತಿದ್ದೆ. ಇವತ್ತು ಹೆಸರಷ್ಟೇ ಬರೆಯುತ್ತೇನೆ.

ಗಂಗಾಂಬಿಕೆ

ಮತ್ತೆ:
ಇದನ್ನು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ.

ಮಲ್ಲಿ ಲಿಂಗವನ್ನು ಕೆರೆಗೆ ಎಸೆಯಲಿಲ್ಲ. ಆ ಸೋಮವಾರ, ನೀವು ಹೊರಗೆ ಪಾದಪೂಜೆಗೆ ಕೂತಿದ್ದಾಗ, ಅವನು ಅಡುಗೆಮನೆಗೆ ಬಂದು ಕೊರಳಿನಿಂದ ತೆಗೆದು ನನಗೆ ಕೊಟ್ಟ. "ಅತ್ತಿಗೆ, ಶಿವದಾರ ಸವ್ದೈತೆ, ಇವತ್ತೋ ನಾಳೆಯೋ ಕಿತ್ತೋಗ್ತದೆ. ಹೊಸ್ದು ಹಾಕ್ಕೊಡಿ. ಅಣ್ಣಂಗೆ ಹೇಳ್ಬೇಡಿ, ಬಯ್ತಾನೆ" ಎಂದ. ನನ್ನ ಕೈಯೆಲ್ಲ ಹೂರಣವಾಗಿತ್ತು. ಸೆರಗಿನ ತುದಿಯಲ್ಲಿ ಹಿಡಿದು ಮೇಲಿನ ಗೂಡಿನಲ್ಲಿ ವಿಭೂತಿ ಡಬ್ಬಿಯೊಳಗೆ ಇಟ್ಟೆ. ಮಂಗಳವಾರವೆಲ್ಲ ನಲವತ್ತು ಜನರ ಪಾತ್ರೆ ತೊಳೆದೆ. ದಾರದ ಅಂಗಡಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ.

ಲಿಂಗ ಮೈಯಿಂದ ಅಗಲಿದರೆ ಪ್ರಾಣ ನಿಲ್ಲಬಾರದು ಎಂದು ಅತ್ತೆ ಹೇಳುತ್ತಿದ್ದರು. ನೀವು ಗುಂಡಿಯಲ್ಲಿ ನಿಂತು ಅವನ ಕೊರಳು ತಡವಿದಾಗ ಆ ಮಾತು ನನ್ನ ಬಾಯಿ ಹೊಲಿಯಿತು. ನನ್ನ ಮರೆವನ್ನು ನೀವು ರಷ್ಯಾದವರ ತಲೆಗೆ ಕಟ್ಟುತ್ತಿದ್ದಾಗ ನಾನು ಸುಮ್ಮನಿದ್ದೆ. ಅವನ ಪುಸ್ತಕ ಉರಿಯುವಾಗ ಹಂಡೆಗೆ ನೀರು ತುಂಬಿದವಳು ನಾನೇ.

ಒಂದು ವರ್ಷ ಅತ್ತೆಯ ಮಾತನ್ನೇ ಎಣಿಸುತ್ತಿದ್ದೆ. ಈಗ ಅವನ ಮಾತನ್ನು ಎಣಿಸುತ್ತೇನೆ. ಹೊಸ ದಾರ ಬೇಕು ಎಂದವನು ಅದನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳಬೇಕು ಎಂದುಕೊಂಡಿದ್ದವನು. ಸೋಮವಾರದವರೆಗೂ ಅವನು ಇರಬೇಕೆಂದೇ ಇದ್ದ. ನಿಮ್ಮ ಹತ್ತಿರ ಜೊತೆ ಕೇಳಿದ, ನನ್ನ ಹತ್ತಿರ ದಾರ ಕೇಳಿದ.

ಮನೆಯಿಂದ ಬರುವಾಗ ಆ ಲಿಂಗವನ್ನು ಜೊತೆಗೇ ತಂದಿದ್ದೆ, ಇವತ್ತು ಬೆಳಿಗ್ಗೆ ಹೊಸ ದಾರ ಹಾಕಿದೆ. ಗುರುಪ್ರಕಾಶನ ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ಗದ್ದುಗೆಯಲ್ಲಿ ಎಲ್ಲಿ ಇಡಬೇಕು ಎಂದು ನಿಮಗೆ ಗೊತ್ತಿದೆ.

ಎಂಟು ಗಂಟೆಗೆ ಕುಣಿಗಲ್‌ನಿಂದ ಬಸ್ಸು. ಹತ್ತೂವರೆಗೆ ಡಾಕ್ಟರು ಬರುತ್ತಾರೆ. ಮಧುವಿನದು ಏಳನೇ ಟೋಕನ್.